ಕಾರಿನ ಎತ್ತರವನ್ನು ಅಳೆಯುವ ಸನ್ನೆ

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುವುದು, ನೊಗ ಎತ್ತುಗಳ ಕೊರಳನ್ನು ಮೇಲಕ್ಕೆ ಜಗ್ಗುವುದು. ಮುಂದಕ್ಕೆ ಹೆಚ್ಚಾದರೆ ಅದೇ ನೊಗ ಅವುಗಳ ಹೆಗಲನ್ನು ಅಮುಕುವುದು. ಅನುಭವಿಯಾದ ಗಾಡಿಯವನು ನೊಗದ ಎತ್ತರವನ್ನು ಕಣ್ಣಿನಿಂದಲೇ ಅಳೆದು, ಹೇರನ್ನು ಒಂದು ಮೊಳ ಹಿಂದಕ್ಕೋ ಮುಂದಕ್ಕೋ ಸರಿಸಿ ಗಾಡಿಯನ್ನು ಸಮತೂಕಕ್ಕೆ ತರುವನು. ಇಲ್ಲಿ ಮೂರು ಕೆಲಸಗಳು ಅಡಗಿವೆ: ಎತ್ತರವನ್ನು ಕಾಣುವುದು, ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು, ತಪ್ಪಾಗಿದ್ದರೆ ತಿದ್ದುವುದು.

ಇಂದಿನ ಅನೇಕ ಮೋಟಾರು ಕಾರುಗಳಲ್ಲಿ ಈ ಮೂರು ಕೆಲಸಗಳನ್ನೂ ಯಂತ್ರಗಳೇ ಮಾಡುತ್ತವೆ. ಮೊದಲನೆಯದನ್ನು, ಎಂದರೆ ಎತ್ತರವನ್ನು ಕಾಣುವ ಕೆಲಸವನ್ನು, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪುಟ್ಟ ಉಪಕರಣಕ್ಕೆ ಒಪ್ಪಿಸಿದ್ದಾರೆ. ಅದನ್ನು ನಾವು ಎತ್ತರಸೂಚಕ ಎಂದು ಕರೆಯೋಣ. ಗ್ಯಾರೇಜುಗಳಲ್ಲಿ ಅದಕ್ಕೆ ‘ಹೈಟ್ ಸೆನ್ಸರ್’ ಎಂದೇ ಹೆಸರು. ಅದು ಹೇಳಿದ ಮಾತನ್ನು ಕಾರಿನ ವಿದ್ಯುನ್ಮಾನ ನಿಯಂತ್ರಕವು ಪ್ರಶ್ನಿಸದೆ ನಂಬುತ್ತದೆ. ಸೂಚಕ ತಪ್ಪು ಹೇಳಿದರೆ ನಿಯಂತ್ರಕವು ಆ ತಪ್ಪನ್ನೇ ಅತ್ಯಂತ ನಿಷ್ಠೆಯಿಂದ ಆಚರಣೆಗೆ ತರುತ್ತದೆ. ಅದರಿಂದ ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವನ ಪ್ರಾಣಕ್ಕೂ, ರಾತ್ರಿಯಲ್ಲಿ ಎದುರಿನಿಂದ ಬರುವ ಚಾಲಕನ ಕಣ್ಣಿಗೂ ಅಪಾಯವುಂಟು. ಆದುದರಿಂದ ಈ ಉಪಕರಣದ ಸ್ವಭಾವವನ್ನೂ, ಸಸ್ಪೆನ್ಷನ್ನಿನ ದುರಸ್ತಿಯ ಸಮಯದಲ್ಲಿ ಅದನ್ನು ಕಾಪಾಡಿಕೊಳ್ಳಬೇಕಾದ ರೀತಿಯನ್ನೂ ಇಲ್ಲಿ ವಿಚಾರ ಮಾಡೋಣ.

ಅಳೆಯುವುದು ಎತ್ತರವನ್ನಲ್ಲ, ಕೋನವನ್ನು

ಕಾರಿನ ಎತ್ತರವೆಂದರೆ ಇಲ್ಲಿ ನೆಲದಿಂದ ಅದರ ಮಾಡಿನವರೆಗಿನ ಎತ್ತರವಲ್ಲ. ಚಕ್ರಗಳು ನೆಲದ ಮೇಲೆಯೇ ಇರುತ್ತವೆ. ಸ್ಪ್ರಿಂಗುಗಳ ಆಧಾರದಿಂದ ಅವುಗಳ ಮೇಲೆ ನಿಂತಿರುವ ಒಡಲು ಮಾತ್ರ ಭಾರಕ್ಕೆ ತಕ್ಕಂತೆ ಏರಿಳಿಯುತ್ತದೆ. ಚಕ್ರದ ನಡುವಿಗೂ ಒಡಲಿಗೂ ಇರುವ ಅಂತರವೇ ನಮಗೆ ಬೇಕಾದ ಎತ್ತರ.

ಚಕ್ರವನ್ನು ಒಡಲಿಗೆ ಕೂಡಿಸುವ ಉಕ್ಕಿನ ತೋಳೊಂದುಂಟು. ಮೆಕ್ಯಾನಿಕರು ‘ಲೋಯರ್ ಆರ್ಮ್’ ಎನ್ನುವ ಈ ಕೆಳತೋಳಿನ ಒಂದು ತುದಿ ಒಡಲಿಗೆ ಕೀಲಿನಿಂದ ಸೇರಿದೆ. ಇನ್ನೊಂದು ತುದಿ ಚಕ್ರವನ್ನು ಹಿಡಿದಿದೆ. ಒಡಲು ತಗ್ಗಿದರೆ ತೋಳು ಮೇಲ್ಮುಖವಾಗಿ ತಿರುಗುವುದು, ಒಡಲು ಏರಿದರೆ ಕೆಳಮುಖವಾಗಿ ತಿರುಗುವುದು. ಎತ್ತರಸೂಚಕದ ಪೆಟ್ಟಿಗೆಯನ್ನು ಒಡಲಿಗೆ ಬಿಗಿದಿರುತ್ತಾರೆ. ಆ ಪೆಟ್ಟಿಗೆಯಿಂದ ಹೊರಟ ಒಂದು ಸಣ್ಣ ಸನ್ನೆಗೂ ಕೆಳತೋಳಿಗೂ ನಡುವೆ, ಎರಡು ಕೊನೆಗಳಲ್ಲಿಯೂ ಗುಂಡುಕೀಲುಗಳುಳ್ಳ ಒಂದು ತೆಳುವಾದ ಕೊಂಡಿಕಡ್ಡಿ ಇರುತ್ತದೆ. ತೋಳು ತಿರುಗಿದಂತೆ ಕಡ್ಡಿ ಸನ್ನೆಯನ್ನು ತಿರುಗಿಸುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಕಡ್ಡಿಯು ತೋಳಿನ ಸರಿಯಾದ ನಡುವೆ ಸೇರಿದೆಯೆಂದೂ, ಸನ್ನೆಯ ಉದ್ದ 60 ಮಿಲಿಮೀಟರ್ ಎಂದೂ ಇಟ್ಟುಕೊಳ್ಳೋಣ. ಒಡಲು 27 ಮಿಲಿಮೀಟರ್ ತಗ್ಗಿತೆನ್ನಿ. ತೋಳಿನ ನಡುಭಾಗದಲ್ಲಿ ಅದರ ಅರ್ಧ, ಎಂದರೆ 13.5 ಮಿಲಿಮೀಟರ್ ಚಲನೆಯಾಗುವುದು. ಇದರಿಂದ ಸನ್ನೆ ಸುಮಾರು 13 ಡಿಗ್ರಿ ತಿರುಗುವುದು. ಸೂಚಕಕ್ಕೆ ತಿಳಿಯುವುದು ಈ 13 ಡಿಗ್ರಿ ಮಾತ್ರ. ನೆಲವೆಲ್ಲಿದೆ, ಚಕ್ರವೆಲ್ಲಿದೆ, ಒಡಲು ನಿಜವಾಗಿ ಎಷ್ಟು ಎತ್ತರದಲ್ಲಿದೆ ಎಂಬುದೊಂದೂ ಅದಕ್ಕೆ ಗೊತ್ತಿಲ್ಲ. ಕೋನದಿಂದ ಎತ್ತರವನ್ನು ಊಹಿಸುವವನು ನಿಯಂತ್ರಕ. ಆ ಊಹೆ ನಿಜವಾಗಬೇಕಾದರೆ ಸನ್ನೆ, ಕಡ್ಡಿ, ಕೀಲು, ಪೆಟ್ಟಿಗೆಯನ್ನು ಹಿಡಿದಿರುವ ಪಟ್ಟಿ ಇವೆಲ್ಲವೂ ಕಾರ್ಖಾನೆಯಲ್ಲಿ ಇಟ್ಟ ಜಾಗದಲ್ಲಿಯೇ ಇರಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ದುರಸ್ತಿಯ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಪೆಟ್ಟಿಗೆಯ ಒಳಗೆ

ಹಳೆಯ ಬಗೆಯ ಸೂಚಕಗಳ ಒಳಗೆ ವಿದ್ಯುತ್ತಿಗೆ ತಡೆಯೊಡ್ಡುವ ಒಂದು ಪಟ್ಟಿಯೂ, ಅದರ ಮೇಲೆ ಜಾರುವ ಲೋಹದ ನಾಲಗೆಯೂ ಇದ್ದುವು. ಹಳೆಯ ರೇಡಿಯೋದ ಧ್ವನಿಯನ್ನು ಏರಿಸಿ ಇಳಿಸುವ ತಿರುಪಿನ ಒಳರಚನೆಯೂ ಇದೇ. ರಸ್ತೆಯ ಅದುರಾಟದಿಂದ ದಿನವಿಡೀ ಉಜ್ಜಾಡುತ್ತಿದ್ದುದರಿಂದ ಆ ಪಟ್ಟಿಗಳು ಸವೆಯುತ್ತಿದ್ದುವು.

ಈಚಿನ ಸೂಚಕಗಳಲ್ಲಿ ಉಜ್ಜಾಟವಿಲ್ಲದ ವಿಧಾನಗಳು ಬಂದಿವೆ. ಅವುಗಳಲ್ಲಿ ಒಂದರ ಮೂಲವು 1879ರ ಒಂದು ಪ್ರಯೋಗದಲ್ಲಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್ ಎಂಬಾತನು ತೆಳುವಾದ ಚಿನ್ನದ ಹಾಳೆಯಲ್ಲಿ ವಿದ್ಯುತ್ತನ್ನು ಹರಿಸಿ, ಹಾಳೆಗೆ ಲಂಬವಾಗಿ ಕಾಂತಕ್ಷೇತ್ರವನ್ನು ಒಡ್ಡಿದನು. ಆಗ ಪ್ರವಾಹಕ್ಕೆ ಅಡ್ಡಲಾಗಿ, ಹಾಳೆಯ ಎರಡು ಅಂಚುಗಳ ನಡುವೆ ಒಂದು ಸಣ್ಣ ವೋಲ್ಟೇಜು ಕಾಣಿಸಿಕೊಂಡಿತು. ಕಾಂತಕ್ಷೇತ್ರ ಬದಲಾದಂತೆ ಅದೂ ಬದಲಾಗುತ್ತಿತ್ತು. ಇಂದು ಚಿನ್ನದ ಹಾಳೆಯ ಜಾಗದಲ್ಲಿ ಅರೆವಾಹಕದ ಚೂರು ಬಂದಿದೆ. ಸನ್ನೆಯ ಬುಡದಲ್ಲಿ ಒಂದು ಅಯಸ್ಕಾಂತವಿದ್ದು, ಸನ್ನೆ ತಿರುಗಿದಂತೆ ಅದೂ ಈ ಚೂರಿನ ಎದುರಿನಲ್ಲಿ ತಿರುಗುತ್ತದೆ. ಹೊರಬರುವ ವೋಲ್ಟೇಜಿನಿಂದ ನಿಯಂತ್ರಕವು ಕೋನವನ್ನು ತಿಳಿಯುತ್ತದೆ. ಒಂದಕ್ಕೊಂದು ತಾಗದ ಈ ಭಾಗಗಳು ಬೇಗ ಸವೆಯಲಾರವು. ಹೀಗಾಗಿ ಕೆಡುವುದು ಹೆಚ್ಚಾಗಿ ಹೊರಗಿನ ಭಾಗಗಳೇ: ತುಕ್ಕು ಹಿಡಿದ ಗುಂಡುಕೀಲು, ಬಗ್ಗಿದ ಪಟ್ಟಿ, ಕೆಸರು ನೀರು ಹೊಕ್ಕ ತಂತಿಯ ಜೋಡಣೆ. ಅವುಗಳ ಜೊತೆಗೆ ಅವಸರದ ಕೈಗಳ ಪೆಟ್ಟನ್ನೂ ಸೇರಿಸಬೇಕು.

ಎತ್ತರವನ್ನು ಕಾಯುವ ಕಾರುಗಳು

ತನ್ನ ಎತ್ತರವನ್ನು ತಾನೇ ಕಾಯುವ ಕಾರು ವಿದ್ಯುನ್ಮಾನ ಯುಗದ ಸೃಷ್ಟಿಯಲ್ಲ. 1955ರ ಅಕ್ಟೋಬರ್ ತಿಂಗಳಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡ ಸಿತ್ರೋಯೆನ್ ಡಿ.ಎಸ್. ಕಾರಿನಲ್ಲಿ ಉಕ್ಕಿನ ಸ್ಪ್ರಿಂಗುಗಳ ಬದಲು ಎಣ್ಣೆಯೂ ಒತ್ತಿ ತುಂಬಿದ ಅನಿಲವೂ ಒಡಲನ್ನು ಹೊರುತ್ತಿದ್ದುವು. ಒಡಲು ತಗ್ಗಿದರೆ ಒಂದು ಕಡ್ಡಿಯು ಕವಾಟವನ್ನು ಸರಿಸಿ ಎಣ್ಣೆಯನ್ನು ಒಳಕ್ಕೆ ಬಿಡುತ್ತಿತ್ತು. ಏರಿದರೆ ಹೊರಕ್ಕೆ ಬಿಡುತ್ತಿತ್ತು. ರಸ್ತೆಯ ಪ್ರತಿಯೊಂದು ಗುಂಡಿಗೂ ಕವಾಟವು ಬೆದರಿ ತೆರೆದುಕೊಳ್ಳದಂತೆ, ಅದರ ಚಲನೆಯನ್ನು ದ್ರವದ ತಡೆಯಿಂದ ನಿಧಾನಗೊಳಿಸಿದ್ದರು. ಈ ಕಾರಿನ ಚಕ್ರ ಬದಲಿಸುವ ಕ್ರಮ ಸ್ವಾರಸ್ಯವಾದುದು. ಮೊದಲು ಕಾರನ್ನು ಅತ್ಯಂತ ಎತ್ತರಕ್ಕೆ ಏರಿಸಿ, ಪಕ್ಕದಲ್ಲಿ ಒಂದು ಊರುಗೋಲನ್ನು ನಿಲ್ಲಿಸಿ, ಅನಂತರ ತಗ್ಗಿನ ಸ್ಥಾನಕ್ಕೆ ತಿರುಗಿಸಿದರೆ, ಒಡಲು ಊರುಗೋಲಿನ ಮೇಲೆ ನಿಂತು ಚಕ್ರವೇ ನೆಲವನ್ನು ಬಿಟ್ಟು ಮೇಲೇಳುತ್ತಿತ್ತು!

1957ರಲ್ಲಿ ಅಮೆರಿಕದ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರು ಗಾಳಿಯ ಸ್ಪ್ರಿಂಗುಗಳೊಡನೆ ಹೊರಬಂದಿತು. 1984ರ ಮಾದರಿಯ ಲಿಂಕನ್ ಮಾರ್ಕ್ 7ರಲ್ಲಿ ಗಾಳಿಯ ಸ್ಪ್ರಿಂಗುಗಳನ್ನು ವಿದ್ಯುನ್ಮಾನ ನಿಯಂತ್ರಕದ ಅಧೀನಕ್ಕೆ ಕೊಟ್ಟರು. ಅದರಲ್ಲಿ ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು ಎತ್ತರಸೂಚಕಗಳಿದ್ದುವು. ನಾಲ್ಕು ಚಕ್ರಗಳಿಗೆ ಮೂರೇ ಏಕೆಂದು ವಾಚಕರು ಕೇಳಬಹುದು. ಮೂರು ಕಾಲಿನ ಪೀಠವನ್ನು ಎಲ್ಲಿಟ್ಟರೂ ಅದು ಕುಂಟದಿರುವುದೇ ಇದಕ್ಕೆ ಉತ್ತರ. ಒಂದೇ ಸಾಲಿನಲ್ಲಿಲ್ಲದ ಮೂರು ಬಿಂದುಗಳಿಂದ ಒಂದು ಸಮತಲ ನಿಶ್ಚಿತವಾಗುತ್ತದೆ. ನಾಲ್ಕನೆಯ ಮೂಲೆ ಎಲ್ಲಿದೆಯೆಂಬುದು ಅದರಿಂದಲೇ ತಿಳಿಯುವುದು.

ಜ್ಯಾಕಿನ ಮೇಲಿರುವ ಕಾರಿನ ಅಪಾಯ

ಗಾಳಿಯ ಸ್ಪ್ರಿಂಗೆಂದರೆ ಬಲವಾದ ರಬ್ಬರಿನ ಚೀಲ. ಕಾರಿನ ಒಂದು ಮೂಲೆಯ ಭಾರ 475 ಕಿಲೋಗ್ರಾಂ ಎಂದೂ, ಚೀಲವು ಭಾರ ಹೊರುವ ವಿಸ್ತೀರ್ಣ 95 ಚದರ ಸೆಂಟಿಮೀಟರ್ ಎಂದೂ ಭಾವಿಸಿದರೆ, ಒಳಗಿನ ಗಾಳಿಯು ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂನಂತೆ ಒತ್ತಬೇಕಾಗುತ್ತದೆ. ಸಾಮಾನ್ಯ ಕಾರಿನ ಟೈರಿನಲ್ಲಿ ಇದರ ಅರ್ಧಕ್ಕಿಂತ ಕಡಿಮೆ ಒತ್ತಡವಿರುತ್ತದೆ.

ಈಗ ಒಬ್ಬ ಮೆಕ್ಯಾನಿಕನು ಶಾಕ್ ಅಬ್ಸಾರ್ಬರನ್ನು ಬದಲಿಸಬೇಕೆಂದು ಮುಂದಿನ ಒಂದು ಮೂಲೆಗೆ ಜ್ಯಾಕು ಕೊಟ್ಟು ಒಡಲನ್ನು ಎತ್ತುತ್ತಾನೆ. ಚಕ್ರವು ಜೋತುಬೀಳುತ್ತದೆ, ತೋಳು ಕೆಳಕ್ಕೆ ತಿರುಗುತ್ತದೆ. ಸೂಚಕವು ‘ಒಡಲು ಬಹಳ ಮೇಲಿದೆ’ ಎನ್ನುತ್ತದೆ. ಈ ಮಾತು ಸುಳ್ಳಲ್ಲ. ಆದರೆ ಒಡಲನ್ನು ಎತ್ತಿದ್ದು ಜ್ಯಾಕೆಂಬುದನ್ನು ಹೇಳಲು ಸೂಚಕಕ್ಕೆ ಬಾಯಿಲ್ಲ. ನಿಯಂತ್ರಕವು ಎಚ್ಚರವಾಗಿದ್ದರೆ ತನ್ನ ಕರ್ತವ್ಯವನ್ನು ಮಾಡುತ್ತದೆ: ಕವಾಟವನ್ನು ತೆರೆದು ಆ ಮೂಲೆಯ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಇತ್ತ ಬೇರೆ ಮೂಲೆಯೊಂದು ತಗ್ಗಿದಂತೆ ಕಂಡರೆ ಅಲ್ಲಿಗೆ ಗಾಳಿಯನ್ನು ತುಂಬುತ್ತದೆ. ಹೀಗೆ ಮನುಷ್ಯನು ಕೆಳಗಿರುವಾಗಲೇ ಕಾರು ಜ್ಯಾಕಿನ ಮೇಲೆ ಹೊರಳಬಹುದು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈಯಿಟ್ಟವನ ಗತಿಯೇನೆಂದು ಹೇಳಬೇಕಾಗಿಲ್ಲ.

ಈ ಕಾರಣದಿಂದಲೇ ಲಿಂಕನ್ ಕಾರಿನ ಸಾಮಾನು ಗೂಡಿನಲ್ಲಿ ಗಾಳಿಯ ವ್ಯವಸ್ಥೆಗೆಂದು ಪ್ರತ್ಯೇಕವಾದ ಒಂದು ಸ್ವಿಚ್ಚನ್ನು ಇಟ್ಟಿದ್ದರು. ಕಾರನ್ನು ಎತ್ತುವ ಮೊದಲು, ಎಳೆದೊಯ್ಯುವ ಮೊದಲು ಅದನ್ನು ಆರಿಸತಕ್ಕದ್ದೆಂಬುದು ತಯಾರಕರ ಕಟ್ಟಪ್ಪಣೆ. ಈಚಿನ ಅನೇಕ ಕಾರುಗಳಲ್ಲಿ ಸ್ವಿಚ್ಚಿನ ಬದಲು ‘ಜ್ಯಾಕ್ ಮೋಡ್’ ಎಂಬ ಆಜ್ಞೆಯಿದೆ. ಅದನ್ನು ಕೊಟ್ಟಾಗ ನಿಯಂತ್ರಕವು ಎತ್ತರವನ್ನು ತಿದ್ದುವ ಕೆಲಸವನ್ನು ನಿಲ್ಲಿಸುತ್ತದೆ. ಕೀಲಿಯನ್ನು ತೆಗೆದರೆ ಸಾಕೆಂದು ಭಾವಿಸಬಾರದು. ಎಂಜಿನು ನಿಂತ ಮೇಲೆಯೂ ಸ್ವಲ್ಪ ಕಾಲ ಎಚ್ಚರವಾಗಿರುವ, ಬಾಗಿಲು ತೆರೆದರೆ ಪುನಃ ಎಚ್ಚರಗೊಳ್ಳುವ ನಿಯಂತ್ರಕಗಳುಂಟು.

ದುರಸ್ತಿಯ ಕ್ರಮ

ಮೊದಲನೆಯದಾಗಿ, ಯಾವ ಬೋಲ್ಟಿಗೂ ಸ್ಪ್ಯಾನರ್ ಹಾಕುವ ಮುನ್ನ, ಸಮನಾದ ನೆಲದ ಮೇಲೆ ಕಾರನ್ನು ನಿಲ್ಲಿಸಿ ನಾಲ್ಕು ಎತ್ತರಗಳನ್ನೂ ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಬೇಕು. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯುವುದು ಉತ್ತಮ. ನೆಲದಿಂದ ಅಳೆದರೆ ಟೈರಿನ ಗಾಳಿ ಕಡಿಮೆಯಾದುದೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಈ ನಾಲ್ಕು ಸಂಖ್ಯೆಗಳೇ ಮುಂದೆ ಸೂಚಕದ ಮಾತನ್ನು ಪರೀಕ್ಷಿಸುವ ಒರೆಗಲ್ಲು.

ಎರಡನೆಯದಾಗಿ, ಗಾಳಿಯ ವ್ಯವಸ್ಥೆಯನ್ನು ಮೇಲೆ ಹೇಳಿದಂತೆ ನಿಲ್ಲಿಸಿ, ತಯಾರಕರು ಸೂಚಿಸಿದ ಜಾಗದಲ್ಲಿ ಕಾರನ್ನು ಎತ್ತಿ, ಗಟ್ಟಿಯಾದ ಊರುಗಂಬಗಳ ಮೇಲೆ ಕೂಡಿಸಬೇಕು. ಜ್ಯಾಕು ಎತ್ತುವ ಸಾಧನ, ಹೊರುವ ಸಾಧನವಲ್ಲ. ಗಾಳಿಯ ಚೀಲವನ್ನಾಗಲಿ ಅದರ ಕೊಳವೆಯನ್ನಾಗಲಿ ಕಳಚಬೇಕಾಗಿದ್ದರೆ, ಒಳಗಿನ ಒತ್ತಡವನ್ನು ಕ್ರಮಪ್ರಕಾರ ಹೊರಕ್ಕೆ ಬಿಟ್ಟ ಹೊರತು ಕೈಹಾಕಬಾರದು. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಚೀಲದ ಗಾಳಿ ಎಲ್ಲಿಗೂ ಹೋಗಿರುವುದಿಲ್ಲ.

ಮೂರನೆಯದು ಅತ್ಯಂತ ಮುಖ್ಯವಾದುದು. ಕೆಳತೋಳನ್ನು ಬಿಚ್ಚಿ ಇಳಿಸುವ ಮೊದಲೇ ಕೊಂಡಿಕಡ್ಡಿಯನ್ನು ತೋಳಿನಿಂದ ಬೇರ್ಪಡಿಸಬೇಕು. ಶಾಕ್ ಅಬ್ಸಾರ್ಬರ್ ಸ್ವಸ್ಥಾನದಲ್ಲಿರುವಾಗ ತೋಳು ಒಂದು ಮಿತಿಗಿಂತ ಕೆಳಕ್ಕೆ ಇಳಿಯಲಾರದು. ಅದನ್ನು ತೆಗೆದಾಗ ತೋಳು ಎಂದೂ ಇಳಿಯದಷ್ಟು ಇಳಿಯುತ್ತದೆ, ತನ್ನೊಡನೆ ಕಡ್ಡಿಯನ್ನೂ ಎಳೆಯುತ್ತದೆ. ಆಗ ಎರಡರಲ್ಲಿ ಒಂದಾಗುತ್ತದೆ. ಸನ್ನೆಯೋ ಗುಂಡುಕೀಲೋ ಮುರಿಯುವುದು ಒಂದು. ಇದು ಕಣ್ಣಿಗೆ ಕಾಣುವ ನಷ್ಟ. ಇನ್ನೊಂದು ಕಪಟವಾದುದು. ಸನ್ನೆಯೂ ಕಡ್ಡಿಯೂ ಒಂದೇ ಗೆರೆಗೆ ಬಂದು, ಆ ಗೆರೆಯನ್ನು ದಾಟಿ, ಗಾಳಿಗೆ ಕೊಡೆ ತಿರುವುಮುರುವಾಗುವಂತೆ ಆಚೆ ಬದಿಗೆ ಮಗುಚಿಕೊಳ್ಳುತ್ತವೆ. ತೋಳನ್ನು ಮತ್ತೆ ಮೇಲಕ್ಕೆ ತಂದಾಗ ಎಲ್ಲವೂ ಸೇರಿಕೊಂಡಂತೆಯೇ ಕಾಣುವುದು. ಆದರೆ ಸನ್ನೆ ಈಗ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಒಡಲು ತಗ್ಗಿದರೆ ಸೂಚಕವು ಏರಿತೆನ್ನುವುದು. ನಿಯಂತ್ರಕವು ಇನ್ನಷ್ಟು ತಗ್ಗಿಸುವುದು. ಸೂಚಕವು ಇನ್ನೂ ಏರಿತೆನ್ನುವುದು. ತಪ್ಪು ತನ್ನನ್ನು ತಾನೇ ಬೆಳೆಸಿಕೊಂಡು ಕೊನೆಗೆ ಒಡಲು ತಳಹಿಡಿಯುತ್ತದೆ.

ಕಡ್ಡಿಯನ್ನು ಕಳಚುವಾಗ ಅದರ ನೆಲೆಯನ್ನು ಬಣ್ಣದ ಗೆರೆಯಿಂದ ಗುರುತು ಮಾಡಬೇಕು. ಗುಂಡುಕೀಲಿನ ಹಿಂಬದಿಯನ್ನು ಒಂದು ಸ್ಪ್ಯಾನರಿನಿಂದ ಹಿಡಿದು ನಟ್ಟನ್ನು ಇನ್ನೊಂದರಿಂದ ಬಿಚ್ಚಬೇಕು. ಇಲ್ಲವಾದರೆ ಕೀಲಿನೊಡನೆ ಸನ್ನೆಯೂ ತಿರುಚಿಕೊಳ್ಳುವುದು. ಸುತ್ತಿಗೆಯ ಮಾತೇ ಕೂಡದು. ಕಳಚಿದ ಸೂಚಕವನ್ನು ತಂತಿಯ ಆಧಾರದಿಂದ ತೂಗಬಿಡದೆ ಪಕ್ಕಕ್ಕೆ ಕಟ್ಟಿಡಬೇಕು. ತಂತಿಯ ಜೋಡಣೆಯನ್ನು ಬಿಚ್ಚಿದ್ದರೆ, ಅದನ್ನು ಪುನಃ ಕೂಡಿಸುವವರೆಗೆ ಕೀಲಿಯನ್ನು ತಿರುಗಿಸಬಾರದು. ತಿರುಗಿಸಿದರೆ ನಿಯಂತ್ರಕವು ದೋಷವೊಂದನ್ನು ದಾಖಲು ಮಾಡಿ ಎಚ್ಚರಿಕೆಯ ದೀಪವನ್ನು ಹೊತ್ತಿಸುತ್ತದೆ.

ನಾಲ್ಕನೆಯದಾಗಿ, ತೋಳಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ಜೋತುಬಿದ್ದಿರುವಾಗ ಕೊನೆಯ ಬಿಗಿತಕ್ಕೆ ತರಬಾರದು. ಬಿಗಿದಾಗ ಬುಷ್‌ನ ಒಳಕೊಳವೆ ಒಡಲಿಗೆ ಕಚ್ಚಿಕೊಳ್ಳುವುದು. ಅಲ್ಲಿಂದ ಮುಂದೆ ತೋಳು ತಿರುಗಿದಷ್ಟೂ ರಬ್ಬರು ತಿರುಚಿಕೊಳ್ಳಬೇಕು. ಜೋತುಬಿದ್ದಾಗ ಬಿಗಿದರೆ, ಕಾರು ನೆಲದ ಮೇಲೆ ಸುಮ್ಮನೆ ನಿಂತಿರುವಾಗಲೂ ರಬ್ಬರು ತಿರುಚಿದ ಸ್ಥಿತಿಯಲ್ಲಿಯೇ ಇದ್ದು ಬೇಗ ಹರಿಯುವುದು, ಒಡಲನ್ನೂ ಸ್ವಲ್ಪ ಮೇಲಕ್ಕೆ ತಳ್ಳುವುದು. ಆದ್ದರಿಂದ ಮೊದಲು ಬರೆದಿಟ್ಟ ಎತ್ತರಕ್ಕೆ ತೋಳನ್ನು ಎತ್ತಿ ಹಿಡಿದು ಬಿಗಿಯತಕ್ಕದ್ದು.

ಐದನೆಯದಾಗಿ, ಗಾಳಿಯಿಲ್ಲದ ಚೀಲದ ಮೇಲೆ ಕಾರಿನ ಪೂರ್ಣ ಭಾರವನ್ನು ಇಳಿಸಬಾರದು. ರಬ್ಬರಿನ ಮಡಿಕೆಗಳು ತಪ್ಪು ಜಾಗದಲ್ಲಿ ಸಿಕ್ಕಿಕೊಂಡು ಸೀಳುವುದುಂಟು. ತಯಾರಕರು ಹೇಳಿದ ಕ್ರಮದಲ್ಲಿ ಮೊದಲು ಸ್ವಲ್ಪ ಗಾಳಿ ತುಂಬಿ, ಚೀಲವು ತನ್ನ ಆಕಾರಕ್ಕೆ ಬಂದಿತೆಂದು ನೋಡಿಕೊಂಡು, ಅನಂತರ ಇಳಿಸಬೇಕು.

ನಾಲ್ಕು ಮಿಲಿಮೀಟರಿನ ಬೆಲೆ

‘ನನ್ನ ಕಾರಿಗೆ ಉಕ್ಕಿನ ಸ್ಪ್ರಿಂಗು, ಇದೆಲ್ಲ ನನಗೇಕೆ?’ ಎಂದು ಕೆಲವರು ಕೇಳಬಹುದು. 1991ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯ 7 ಶ್ರೇಣಿಯ ಕಾರಿನಲ್ಲಿ ಕ್ಸೆನಾನ್ ದೀಪಗಳು ಮೊದಲಿಗೆ ಬಂದುವು. ಅಂತಹ ಪ್ರಖರವಾದ ದೀಪಗಳು ಎದುರಿನವರ ಕಣ್ಣನ್ನು ಕುಕ್ಕದಂತೆ ದೀಪದ ಓರೆಯನ್ನು ತಾನಾಗಿ ತಿದ್ದುವ ಏರ್ಪಾಡು ಅನಂತರ ಬಳಕೆಗೆ ಬಂದಿತು. ಹೀಗಾಗಿ ಉಕ್ಕಿನ ಸ್ಪ್ರಿಂಗಿನ ಕಾರುಗಳಲ್ಲಿಯೂ, ಮುಂದೀಪಗಳ ಸಲುವಾಗಿಯೇ, ಎತ್ತರಸೂಚಕಗಳಿರುವುದುಂಟು.

ಇದರ ಲೆಕ್ಕ ಸುಲಭ. ದೀಪವು ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದು, ಅದರ ತಗ್ಗಿಸಿದ ಬೆಳಕು ನೂರಕ್ಕೆ ಒಂದರಂತೆ ಕೆಳಮುಖವಾಗಿದ್ದರೆ, ಬೆಳಕಿನ ಮೇಲಂಚು 65 ಮೀಟರ್ ದೂರದಲ್ಲಿ ನೆಲವನ್ನು ಮುಟ್ಟುತ್ತದೆ. ಮುಂದಿನ, ಹಿಂದಿನ ಚಕ್ರಗಳ ನಡುವಣ ದೂರ 2.7 ಮೀಟರ್ ಎನ್ನೋಣ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಸಾಮಾನನ್ನೂ ತುಂಬಿದಾಗ ಹಿಂಭಾಗವು 54 ಮಿಲಿಮೀಟರ್ ತಗ್ಗಿದರೆ, ಕಾರಿನ ಮೂತಿ ನೂರಕ್ಕೆ ಎರಡರಂತೆ ಮೇಲೇಳುವುದು. ಕೆಳಮುಖವಾಗಿದ್ದ ಬೆಳಕು ಈಗ ನೂರಕ್ಕೆ ಒಂದರಂತೆ ಮೇಲ್ಮುಖವಾಯಿತು. 50 ಮೀಟರ್ ದೂರದಲ್ಲಿ ಅದು 115 ಸೆಂಟಿಮೀಟರ್ ಎತ್ತರಕ್ಕೆ ಏರಿರುತ್ತದೆ. ಎದುರಿನ ಕಾರಿನ ಚಾಲಕನ ಕಣ್ಣೂ ಹೆಚ್ಚುಕಡಿಮೆ ಅಲ್ಲಿಯೇ ಇರುವುದು. ಹಿಂಭಾಗ ತಗ್ಗಿದ ಸುದ್ದಿಯನ್ನು ಸೂಚಕದಿಂದ ಪಡೆದು, ಒಂದು ಸಣ್ಣ ಮೋಟಾರು ದೀಪವನ್ನು ಅಷ್ಟೇ ಕೆಳಕ್ಕೆ ಬಾಗಿಸಿ ಈ ಅನಾಹುತವನ್ನು ತಪ್ಪಿಸುತ್ತದೆ.

ಇನ್ನು, ಹಿಂದಿನ ತೋಳಿನ ಬುಷ್ ಬದಲಿಸುವಾಗ ಸೂಚಕದ ಪಟ್ಟಿಗೆ ಸ್ಪ್ಯಾನರ್ ತಾಗಿ ಅದು ಕೇವಲ 4 ಮಿಲಿಮೀಟರ್ ಬಗ್ಗಿತೆಂದು ಭಾವಿಸೋಣ. ಕಡ್ಡಿಯು ತೋಳಿನ ನಡುವಿನಲ್ಲಿರುವುದರಿಂದ ನಿಯಂತ್ರಕಕ್ಕೆ ಅದು 8 ಮಿಲಿಮೀಟರಾಗಿ ತೋರುವುದು, 2.7 ಮೀಟರಿಗೆ 8 ಮಿಲಿಮೀಟರ್ ಎಂದರೆ ನೂರಕ್ಕೆ ಸುಮಾರು 0.3. ಸೂಚಕವು ‘ಹಿಂಭಾಗ ತಗ್ಗಿದೆ’ ಎಂದು ಸುಳ್ಳು ಹೇಳಿದರೆ ದೀಪಗಳು ಅಷ್ಟು ಕೆಳಕ್ಕೆ ಬಾಗಿ, 65 ಮೀಟರಿನ ಬೆಳಕು 50 ಮೀಟರಿಗೆ ಮೊಟಕಾಗುವುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಕಳೆದುಹೋದ ಆ 15 ಮೀಟರನ್ನು ಸುಮಾರು ಮುಕ್ಕಾಲು ಸೆಕೆಂಡಿನೊಳಗೆ ಕ್ರಮಿಸುತ್ತದೆ. ದೀಪವಿಲ್ಲದೆ ನಿಂತ ಲಾರಿಯೋ, ರಸ್ತೆ ದಾಟುವ ದನವೋ ಎದುರಾದಾಗ ಅಷ್ಟು ಕಾಲವೇ ಬದುಕಿಗೂ ಸಾವಿಗೂ ನಡುವಣ ಅಂತರವಾಗಬಹುದು. ಸುಳ್ಳು ಇನ್ನೊಂದು ದಿಕ್ಕಿನದಾದರೆ ಬೆಳಕು 93 ಮೀಟರಿನವರೆಗೆ ಚಾಚಿಕೊಳ್ಳುವುದು. ಕಾರಿನ ಒಡೆಯನು ರಸ್ತೆ ಚೆನ್ನಾಗಿ ಕಾಣುತ್ತದೆಂದು ಹಿಗ್ಗುವನು. ಅದರ ದಂಡವನ್ನು ರಸ್ತೆಯ ಉಬ್ಬುತಗ್ಗುಗಳಲ್ಲಿ ಎದುರಿನವನು ತೆರುವನು.

ಕೊನೆಯ ಹೊಂದಾಣಿಕೆ

ಆದುದರಿಂದ ದುರಸ್ತಿ ಮುಗಿಯುವುದು ಕೊನೆಯ ಬೋಲ್ಟು ಬಿಗಿದಾಗಲ್ಲ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಟೈರುಗಳ ಗಾಳಿಯನ್ನು ಸರಿಪಡಿಸಿ, ಒಳಗಿನ ಸಾಮಾನುಗಳನ್ನು ಇಳಿಸಿ, ನಾಲ್ಕು ಎತ್ತರಗಳನ್ನೂ ಮತ್ತೆ ಅಳೆಯಬೇಕು. ಸೂಚಕವನ್ನೋ ತೋಳನ್ನೋ ಬದಲಿಸಿದ್ದರೆ, ‘ಈ ಕೋನಕ್ಕೆ ಈ ಎತ್ತರ’ ಎಂದು ಪರೀಕ್ಷಾ ಉಪಕರಣದ ಮೂಲಕ ನಿಯಂತ್ರಕಕ್ಕೆ ಹೊಸದಾಗಿ ಕಲಿಸಬೇಕು. ಅನಂತರ ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿ ದೀಪವನ್ನು ಹೊತ್ತಿಸಿದರೆ, ನೂರಕ್ಕೆ ಒಂದರ ಓರೆಯಿರುವ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಓರೆ ಎಷ್ಟಿರಬೇಕೆಂಬುದನ್ನು ಆಯಾ ಕಾರಿನ ದೀಪದ ಬಳಿ ಅಚ್ಚುಹಾಕಿರುವುದುಂಟು.

ಕೆಲವರು ಕಾರು ನೋಟಕ್ಕೆ ತಗ್ಗಾಗಿರಲೆಂದು ಕೊಂಡಿಕಡ್ಡಿಯ ಉದ್ದವನ್ನು ಬದಲಿಸುತ್ತಾರೆ. ಎಚ್ಚರಿಕೆಯ ದೀಪದ ಕಾಟ ತಪ್ಪಿದರೆ ಸಾಕೆಂದು ಸನ್ನೆಯನ್ನು ತಂತಿಯಿಂದ ಒಂದೇ ಕಡೆ ಕಟ್ಟಿಬಿಡುವವರೂ ಉಂಟು. ದೀಪವೇನೋ ಆರುತ್ತದೆ, ಏಕೆಂದರೆ ನಿಯಂತ್ರಕಕ್ಕೆ ಬರುತ್ತಿರುವ ವೋಲ್ಟೇಜು ಕ್ರಮವಾಗಿಯೇ ಇದೆ. ಆದರೆ ನ್ಯಾಯಸ್ಥಾನದಲ್ಲಿ ಸಾಕ್ಷಿಗೆ ಒಂದೇ ಮಾತನ್ನು ಬಾಯಿಪಾಠ ಮಾಡಿಸಿದಂತಾಯಿತು. ಭಾರ ಹೆಚ್ಚಿದರೂ ಕಡಿಮೆಯಾದರೂ ಅದು ಹೇಳುವುದು ಅದೊಂದನ್ನೇ. ತೀರ್ಪು ಕೊಡುವ ನಿಯಂತ್ರಕದಲ್ಲಿ ದೋಷವಿಲ್ಲ, ಆಜ್ಞೆಯನ್ನು ನಡೆಸುವ ಕವಾಟದಲ್ಲಿಯೂ ದೋಷವಿಲ್ಲ. ಆದರೂ ತೀರ್ಪು ತಪ್ಪು.

ಗಾಡಿಯವನು ನೊಗವನ್ನು ನೋಡಲು ತನ್ನ ಕಣ್ಣನ್ನು ಬಳಸುತ್ತಿದ್ದನು. ನಾವು ಆ ಕೆಲಸವನ್ನು ಬೆರಳುದ್ದದ ಸನ್ನೆಯೊಂದಕ್ಕೆ ವಹಿಸಿದ್ದೇವೆ. ಕಣ್ಣಿನ ಬಳಿ ಕೆಲಸ ಮಾಡುವ ವೈದ್ಯನಿಗೆ ಎಷ್ಟು ಎಚ್ಚರವಿರಬೇಕೋ, ಆ ಸನ್ನೆಯ ಬಳಿ ಸ್ಪ್ಯಾನರ್ ಹಿಡಿದವನಿಗೂ ಅಷ್ಟೇ ಎಚ್ಚರವಿರಬೇಕು.